ಏಳನೇ ಪ್ಲಾಟಿನ ಕೆಂಪು ಗುರುತು

2022ರ ಯುಗಾದಿಗೆ ಐದು ದಿನ ಮೊದಲು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಹೊಸದುರ್ಗ ತಾಲ್ಲೂಕು ಮಾಡದಕೆರೆ ಹೋಬಳಿಯ ಒಂದು ಊರಿನ ಗೋಮಾಳದಲ್ಲಿ ತಿಪ್ಪೇಸ್ವಾಮಿ ಎಂಬ ಮೂವತ್ನಾಲ್ಕು ವರ್ಷದ ಮೇಲ್ವಿಚಾರಕನ ಬಲಗೈ ಮಣಿಕಟ್ಟಿನ ಬಳಿ ಕತ್ತರಿಸಿಹೋಯಿತು. ಹೊಡೆದವನು ಅದೇ ಊರಿನ ಕುರಿಗಾಹಿ ಜುಂಜಣ್ಣ. ನಾನು ಇಬ್ಬರಿಂದಲೂ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅಂದು ಸಂಜೆಯೊಳಗೆ ಅರವತ್ತಮೂರು ಕುರಿ ಮತ್ತು ಎರಡು ನಾಯಿ ಸತ್ತವು. ಆ ಗೋಮಾಳದ ನೂರ ನಲವತ್ತು ಎಕರೆ ನೆಡುತೋಪಿನಲ್ಲಿ ಸುಮಾರು ತೊಂಬತ್ತು ಎಕರೆ ಸುಟ್ಟಿತು. ಮೂರನೆಯ ದಿನ ಜುಂಜಣ್ಣನ ತಮ್ಮ ಚಿತ್ತಯ್ಯ ಸುಟ್ಟಗಾಯಗಳಿಂದ ಆಸ್ಪತ್ರೆಯಲ್ಲಿ ತೀರಿಕೊಂಡ. ಜನರ ಹೆಸರುಗಳನ್ನು ಬದಲಿಸಿದ್ದೇನೆ, ಊರಿನ ಹೆಸರನ್ನು ಬರೆಯುವುದಿಲ್ಲ. ಉಳಿದದ್ದು ನನ್ನ ಫೀಲ್ಡ್ ಪುಸ್ತಕದಲ್ಲಿರುವಂತೆಯೇ ಇದೆ.

ಆಗ ನನಗೆ ಐವತ್ತೊಂದು ವರ್ಷ. ಕಾರ್ಬನ್ ಯೋಜನೆಗಳನ್ನು ಪರಿಶೀಲಿಸುವ ಒಂದು ಸಂಸ್ಥೆಯಲ್ಲಿ ವೆರಿಫೈಯರ್ ಆಗಿದ್ದೆ. ಈ ಕೆಲಸವನ್ನು ಹೀಗೆ ವಿವರಿಸಬಹುದು. ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲ, ಸಿಮೆಂಟ್ ಇವುಗಳಿಂದ ಜಗತ್ತು ವರ್ಷಕ್ಕೆ ಸುಮಾರು ಮೂರು ಸಾವಿರದ ಏಳುನೂರು ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಬಿಡುತ್ತದೆ. ಒಟ್ಟು ಲೆಕ್ಕದಲ್ಲಿ ಚೀನಾ ಮೊದಲು, ಅಮೆರಿಕ ಎರಡನೆಯದು, ಭಾರತ ಮೂರನೆಯದು. ತಲೆಗೆ ಹಂಚಿದರೆ ಚಿತ್ರ ಬೇರೆ: ಅಮೆರಿಕದವನೊಬ್ಬನ ಪಾಲು ಸುಮಾರು ಹದಿನಾಲ್ಕು ಟನ್, ಚೀನಾದವನ ಪಾಲು ಎಂಟು, ನಮ್ಮವನ ಪಾಲು ಎರಡು. ತಮ್ಮ ಹೊಗೆಯನ್ನು ಇಳಿಸಲಾಗದ, ಅಥವಾ ಇಳಿಸಲು ಮನಸ್ಸಿಲ್ಲದ ಕಂಪನಿಗಳು ಬೇರೆ ದೇಶದಲ್ಲಿ ಮರ ಬೆಳೆಸುವವರಿಗೆ ಹಣ ಕೊಟ್ಟು, ಆ ಮರಗಳು ಹೀರಿಕೊಂಡ ಟನ್ನುಗಳನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತವೆ. ಹೀಗೆ ಬರೆಸಿಕೊಂಡ ಒಂದು ಟನ್ನಿಗೆ ಒಂದು ಕ್ರೆಡಿಟ್. ಮರಗಳು ನಿಜಕ್ಕೂ ಇವೆಯೇ, ಎಷ್ಟು ದಪ್ಪವಿವೆ, ಸ್ಥಳೀಯರು ಒಪ್ಪಿದ್ದಾರೆಯೇ ಎಂದು ನೋಡಿ ಸಹಿ ಹಾಕುವವರು ನಾವು.

ಈ ತೋಪಿನಲ್ಲಿ 2016ರಲ್ಲಿ ಒಂದು ಖಾಸಗಿ ಕಂಪನಿ ಹೊಂಗೆ, ಬೇವು, ಹುಣಸೆ ನೆಟ್ಟಿತ್ತು. ಕ್ರೆಡಿಟ್ ಕೊಳ್ಳಲು ಮುಂದೆ ಬಂದಿದ್ದುದು ಯುರೋಪಿನ ಒಂದು ವಿಮಾನ ಸಂಸ್ಥೆ. ಇದು ಮೊದಲನೆಯ ಪರಿಶೀಲನೆ, ನನಗೆ ಆರು ದಿನ ಕೊಟ್ಟಿದ್ದರು.

ತಿಪ್ಪೇಸ್ವಾಮಿ ಯೋಜನೆಯ ಸ್ಥಳೀಯ ಮೇಲ್ವಿಚಾರಕ. ಎರಡೆಕರೆ ರಾಗಿ ಹೊಲದವನು, ಪಿಯುಸಿ ಓದಿದವನು, ಮಾತಿನ ಮಲ್ಲ. ಮೊದಲ ದಿನ ಊರಿನ ಹೋಟೆಲ್ ಮುಂದೆ ಹತ್ತು ಜನರ ನಡುವೆ ಇಡೀ ವ್ಯವಹಾರವನ್ನು ಅವನೇ ವಿವರಿಸಿದ.

"ಅವ್ರು ಅಲ್ಲಿ ವಿಮಾನದಾಗೆ ಎಣ್ಣೆ ಸುಡ್ತಾರೆ. ಆ ಹೊಗೇನ ನಮ್ಮ ಹೊಂಗೆಮರ ಇಲ್ಲಿ ಕುಡೀತೈತೆ. ಎಷ್ಟು ಕುಡೀತು ಅಂತ ಅಳೆಯೋಕೆ ಮೇಡಂ ಬಂದವ್ರೆ."

ಬೀಡಿ ಹಚ್ಚುತ್ತಿದ್ದ ಒಬ್ಬ ಮುದುಕ ಕೇಳಿದ: "ಅಂಗಂದ್ರೆ ಉಣ್ಣೋರು ಅವ್ರು, ಎಲೆ ಎತ್ತೋರು ನಾವು?"

"ಎತ್ತೋಕೆ ಕೂಲಿ ಕೊಡ್ತಾರಲ್ಲ ತಾತ."

"ಲೇ ತಿಪ್ಪೇಶ, ನನ್ ಬೀಡಿ ಹೊಗೆ ಯಾವ ಮರ ಕುಡೀತೈತೆ ನೋಡಿ ಬರ್ಕಳಪ್ಪ. ಆಮೇಲೆ ದುಡ್ಡು ಕೇಳಬ್ಯಾಡ."

ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಂದು ಮಧ್ಯಾಹ್ನ ಒಪ್ಪಿಗೆಯ ಕಡತ ನೋಡಿದೆ. ಗೋಮಾಳ ಊರಿಗೆಲ್ಲ ಸೇರಿದ ಮೇವಿನ ಜಾಗವಾದ್ದರಿಂದ ಅದನ್ನು ಬಳಸುವ ಪ್ರತಿ ಮನೆಯ ಒಪ್ಪಿಗೆ ಬೇಕು. ಸಭೆ ನಡೆದದ್ದು 2016ರ ಜನವರಿಯಲ್ಲಿ. ಸಹಿ, ಹೆಬ್ಬೆಟ್ಟು ಎಲ್ಲ ಸೇರಿ ನಲವತ್ತೇಳು. ಮೂರನೆಯ ವರ್ಷದ ನಂತರ ಕುರಿ ಮೇಯಿಸಬಹುದು, ಕೊಂಬೆ ಕಡಿಯುವಂತಿಲ್ಲ ಎಂಬ ಷರತ್ತೂ ಇತ್ತು. ಕಡತ ಸರಿಯಾಗಿದೆ ಎಂದು ಗುರುತು ಹಾಕಿ ಮುಂದಿನ ಪುಟಕ್ಕೆ ಹೋದೆ. ಸಭೆಯ ತಿಂಗಳು ಯಾವುದೆಂದು ಓದಿದ್ದೆ. ಆ ತಿಂಗಳಲ್ಲಿ ಊರಿನಲ್ಲಿ ಯಾರಿರುವುದಿಲ್ಲ ಎಂದು ಕೇಳಲಿಲ್ಲ.

ಆ ಊರಿನ ಕುರಿಗಾಹಿಗಳು ದೀಪಾವಳಿ ಕಳೆದ ಮೇಲೆ ಮಂದೆಗಳೊಂದಿಗೆ ಹೊರಡುತ್ತಾರೆ. ಹೊಳಲ್ಕೆರೆ ದಾಟಿ ಭದ್ರಾ ನಾಲೆಯ ಗದ್ದೆಗಳ ಕಡೆ ಹೋಗಿ, ಕೊಯ್ದ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಅವರಿಗೆ ಕಾಳುಕಡ್ಡಿ ಸಿಗುತ್ತದೆ. ಯುಗಾದಿಗೆ ಊರಿಗೆ ಮರಳುತ್ತಾರೆ, ಆಮೇಲೆ ಊರಿನವರ ಹೊಲಗಳಲ್ಲಿ ಮಂದೆ ನಿಲ್ಲುತ್ತದೆ. ಮುಂಗಾರಿಗೆ ಮುಂಚೆ ತಿಪ್ಪೇಸ್ವಾಮಿಯ ಎರಡೆಕರೆಯಲ್ಲಿ ಪ್ರತಿ ವರ್ಷ ನಿಲ್ಲುತ್ತಿದ್ದುದು ಜುಂಜಣ್ಣನ ಮಂದೆಯೇ. ಇಬ್ಬರ ತಂದೆಯಂದಿರ ಕಾಲದಿಂದಲೂ ನಡೆದುಬಂದ ರೂಢಿ ಅದು. ಜನವರಿಯ ಸಭೆಯಲ್ಲಿ ಒಬ್ಬ ಕುರಿಗಾಹಿಯೂ ಇರಲಿಲ್ಲ. ಜುಂಜಣ್ಣನ ಮನೆಯ ಹೆಬ್ಬೆಟ್ಟು ಅವನ ತಾಯಿಯದು. ಸಸಿ ಕೊಡುತ್ತಾರೆ ಎಂದಿದ್ದರು, ಒತ್ತಿದ್ದಳು. ಗಿಡ ನೆಟ್ಟದ್ದು ಕುರಿಗಾಹಿಗಳಿಗೆ ಗೊತ್ತಿತ್ತು. ಗಿಡ ಯಾರ ಹೆಸರಿನಲ್ಲಿದೆ ಎಂದು ಆರು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ತಿಂಗಳುಗಳ ನಂತರ.

ಅಳತೆಯ ವಿಧಾನ ಸರಳ. ತೋಪಿನಲ್ಲಿ ಅಲ್ಲಲ್ಲಿ ಇಪ್ಪತ್ತನಾಲ್ಕು ವೃತ್ತಗಳನ್ನು ಆರಿಸುತ್ತೇವೆ, ಅವನ್ನು ಪ್ಲಾಟ್ ಎನ್ನುತ್ತೇವೆ. ಪ್ರತಿ ಪ್ಲಾಟಿನ ಪ್ರತಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಟೇಪ್ ಸುತ್ತಿ ಅಳೆಯುತ್ತೇವೆ. ಅದರಿಂದ ಮರದ ಒಣ ತೂಕ ಅಂದಾಜಾಗುತ್ತದೆ. ಒಣ ತೂಕದ ಸುಮಾರು ಅರ್ಧ ಇಂಗಾಲ. ಅದನ್ನು 3.67ರಿಂದ ಗುಣಿಸಿದರೆ ಗಾಳಿಯಿಂದ ಹೀರಿದ ಕಾರ್ಬನ್ ಡೈಆಕ್ಸೈಡಿನ ತೂಕ. ಅಳೆದ ಮರವನ್ನೇ ಮತ್ತೆ ಅಳೆಯದಂತೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಪದ್ಧತಿ.

ಮೂರನೆಯ ದಿನ ಸೀಮೆಸುಣ್ಣ ಕೈಕೊಟ್ಟಿತು. ಹುಣಸೆಯ ಒರಟು ತೊಗಟೆಯ ಮೇಲೆ ಗೆರೆ ನಿಲ್ಲುತ್ತಿರಲಿಲ್ಲ, ಗಾಳಿಗೆ ಉದುರಿಹೋಗುತ್ತಿತ್ತು. ಒಂದು ಪ್ಲಾಟನ್ನು ಎರಡು ಸಲ ಅಳೆಯಬೇಕಾಯಿತು. ಭಾನುವಾರ ಹೊಸದುರ್ಗದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಬಿಣದ ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಡಬ್ಬ ಮತ್ತು ಒಂದು ಬ್ರಷ್ ಕೊಂಡೆ. ಹಳದಿಯೂ ಇತ್ತು, ಡಬ್ಬ ದೊಡ್ಡದು. ಕೆಂಪನ್ನು ಆರಿಸಿದವಳು ನಾನು. ಎದೆಮಟ್ಟದಲ್ಲಿ, ಅಂಗೈ ಅಗಲದ ಒಂದೇ ಪಟ್ಟೆ ಬಳಿಯಲು ಹೇಳಿದವಳೂ ನಾನೇ. ಡಬ್ಬ ಹಿಡಿದು ಬಳಿದವನು ತಿಪ್ಪೇಸ್ವಾಮಿ.

ಕುರಿ ಸಂತೆಯಲ್ಲಿ ವ್ಯಾಪಾರ ಕುದುರಿ ಮುಂಗಡ ಕೈ ಸೇರಿದ ಕೂಡಲೇ ಕೊಂಡವನು ಕುರಿಯ ಸೊಂಟದ ಮೇಲೆ ಅಂಗೈ ಅಗಲದ ಕೆಂಪು ಬಳಿಯುತ್ತಾನೆ. ಆಮೇಲೆ ಆ ಕುರಿ ಮಾರಿದವನ ಮಂದೆಯಲ್ಲೇ ಇನ್ನೂ ಎರಡು ದಿನ ಮೇಯುತ್ತಿದ್ದರೂ ಅವನದಲ್ಲ. ಅದನ್ನು ಹಿಂದಕ್ಕೆ ಕೇಳುವಂತಿಲ್ಲ. ಗುರುತನ್ನು ಅಳಿಸಿದವನು ಕಳ್ಳ. ಈ ಪದ್ಧತಿ ಅಲ್ಲಿನ ಪ್ರತಿ ಮಗುವಿಗೂ ಗೊತ್ತು. ತಿಪ್ಪೇಸ್ವಾಮಿಗೂ ಗೊತ್ತಿತ್ತು. ಡಬ್ಬದ ಮುಚ್ಚಳ ತೆಗೆದಾಗ ಅವನು, "ಮೇಡಂ, ಮರಕ್ಕೂ ಮುಂಗಡ ಕೊಟ್ಟಂಗಾತು" ಎಂದಿದ್ದ. ಅದು ತಮಾಷೆ ಎಂದುಕೊಂಡು ನಾನು ಏನೆಂದು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಐದು ಮತ್ತು ಆರನೇ ಪ್ಲಾಟ್ ಮುಗಿಸಿ ಏಳಕ್ಕೆ ಬಂದೆವು. ಪೂರ್ವದ ದಿಬ್ಬದ ಕಡೆಯಿಂದ ಕುರಿಗಳ ಸದ್ದು ಕೇಳಿತು. ಜುಂಜಣ್ಣ, ಅವನ ಹೆಂಡತಿ ಕೆಂಚಮ್ಮ, ತಮ್ಮ ಚಿತ್ತಯ್ಯ ಐದು ತಿಂಗಳ ನಂತರ ಊರಿಗೆ ಮರಳುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಕುರಿಗಳಿದ್ದವು. ಎಳೆಯ ಮರಿಗಳು ಕತ್ತೆಯ ಮೇಲಿನ ಬಲೆಯಲ್ಲಿದ್ದವು. ದಿಬ್ಬದಿಂದ ನಮ್ಮವರೆಗೆ ಬರುವ ದಾರಿಯಲ್ಲಿ ಐದು ಮತ್ತು ಆರನೇ ಪ್ಲಾಟುಗಳಿದ್ದವು. ಬಣ್ಣ ಬಳಿದ ಅರವತ್ತೊಂದು ಮರಗಳನ್ನು ನೋಡಿಕೊಂಡೇ ಅವರು ಬಂದರು.

ಜುಂಜಣ್ಣನ ಕೈಯಲ್ಲಿ ದೋಟಿ ಇತ್ತು. ಉದ್ದನೆಯ ಬಿದಿರಿನ ತುದಿಗೆ ಕುಡುಗೋಲು ಕಟ್ಟಿರುತ್ತಾರೆ, ಮೇವಿಗೆ ಜಾಲಿಯ ಕೊಂಬೆ ಎಳೆದು ಕೊಯ್ಯುವುದಕ್ಕೆ. ಅವನು ಹತ್ತು ಹೆಜ್ಜೆ ದೂರದಲ್ಲಿ ನಿಂತ.

"ಏನಪ್ಪ ತಿಪ್ಪೇಶ, ಇದೇನು ಬಳಿದಿದೀಯ?"

"ಕಾಣಾಕಿಲ್ವಾ? ಬಣ್ಣ."

"ಬಣ್ಣ ಅಂತ ಗೊತ್ತೈತೆ. ಯಾರಿಗೆ ಕೊಟ್ರಿ ಗೋಮಾಳಾನ?"

ಇಲ್ಲಿ ನಾನು ಹೇಳಬೇಕಾದದ್ದು ಒಂದೇ ವಾಕ್ಯ: ಬಣ್ಣ ನನ್ನದು, ಅಳತೆಯ ಗುರುತು, ಯಾರಿಗೂ ಏನನ್ನೂ ಕೊಟ್ಟಿಲ್ಲ. ಸಮಯ ಇತ್ತು. ಪ್ರಶ್ನೆಗೂ ಉತ್ತರಕ್ಕೂ ನಡುವೆ ತಿಪ್ಪೇಸ್ವಾಮಿ ಟೇಪನ್ನು ಮರದಿಂದ ಬಿಡಿಸಿ, ಅಂಕಿ ಕೂಗಿ, ಟೇಪನ್ನು ನನ್ನ ಕಡೆ ಎಸೆದಿದ್ದ. ನಾನು ತಲೆ ತಗ್ಗಿಸಿ ಆ ಅಂಕಿ ಬರೆದುಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಅದು ಇನ್ನೂ ಇದೆ: ಬೇವು, 62 ಸೆಂಟಿಮೀಟರ್. ಅದರ ಮುಂದಿನ ಸಾಲು ಖಾಲಿ.

ತಿಪ್ಪೇಸ್ವಾಮಿ ನಗುತ್ತಲೇ ಹೇಳಿದ: "ಫಾರಿನ್ನೋರಿಗೆ ಮಾರಿದೀವಿ ಕಣಣ್ಣ. ವಿಮಾನದೋರಿಗೆ. ನಿನ್ ಕುರೀನ ಇನ್ಮ್ಯಾಕೆ ಮ್ಯಾಲೆ ಮೋಡದಾಗೆ ಮೇಯಿಸ್ಕ, ಹೋಗು."

"ನಮ್ಮನ್ನ ಒಂದ್ ಮಾತು ಕೇಳ್ದೆ ಮಾರಿದ್ರಾ?"

"ನಿನ್ ಕೇಳೋಕೆ ನೀನು ಊರಾಗಿದ್ರೆ ತಾನೆ. ನಿಮ್ಮವ್ವನ್ನ ಕೇಳು ಹೋಗು, ಹೆಬ್ಬೆಟ್ಟು ಒತ್ತೈತೆ."

ದೋಟಿ ಮೇಲೆದ್ದದ್ದು ಕಂಡಿತು. ತಿಪ್ಪೇಸ್ವಾಮಿ ಬಲಗೈ ಅಡ್ಡ ತಂದ, ಬ್ರಷ್ ಅದೇ ಕೈಯಲ್ಲಿತ್ತು. ಕುಡುಗೋಲು ಮಣಿಕಟ್ಟಿಗೆ ಸಿಕ್ಕಿತು. ಜುಂಜಣ್ಣ ಕೊಂಬೆ ಎಳೆಯುವ ಹಾಗೆ ಎಳೆದ. ಅದು ಬೇಕೆಂದು ಮಾಡಿದ್ದೋ, ಕೈಗೆ ರೂಢಿಯಾದ ಎಳೆತವೋ ಎಂದು ಎರಡು ವರ್ಷದ ನಂತರ ವಕೀಲರು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಮೂಳೆ ತುಂಡಾಗಿತ್ತು. ಹಸ್ತ ಒಂದು ಬದಿಯ ಚರ್ಮದಲ್ಲಿ ನೇತಾಡುತ್ತಿತ್ತು. ಬೆರಳುಗಳು ಬ್ರಷ್ಷನ್ನು ಬಿಟ್ಟಿರಲಿಲ್ಲ. ಕೆಂಪು ಡಬ್ಬ ಉರುಳಿತ್ತು, ಯಾವುದು ಬಣ್ಣ ಯಾವುದು ರಕ್ತ ಎಂದು ಮೊದಲು ತಿಳಿಯಲಿಲ್ಲ.

ತಿಪ್ಪೇಸ್ವಾಮಿ ಕೂಗಲಿಲ್ಲ. ಕುಕ್ಕರಗಾಲಲ್ಲಿ ಕೂತು, "ಅಣ್ಣ, ತಮಾಷೆ ಮಾಡ್ದೆ ಕಣಣ್ಣ" ಎಂದ. ಜುಂಜಣ್ಣ ಎರಡನೆಯ ಸಲ ಬೀಸಿದ. ಅದು ಭುಜಕ್ಕೆ ತಗುಲಿತು. ಚಿತ್ತಯ್ಯ ಹಿಂದಿನಿಂದ ಅಣ್ಣನನ್ನು ತಬ್ಬಿ ಕೆಡವಿದ. ನಾನು ಸುತ್ತಳತೆಯ ಟೇಪನ್ನು ತಿಪ್ಪೇಸ್ವಾಮಿಯ ಮೊಣಕೈ ಮೇಲೆ ಸುತ್ತಿ, ಒಂದು ಕಡ್ಡಿ ಸಿಕ್ಕಿಸಿ ತಿರುಚಿದೆ. ಹನ್ನೊಂದು ತಿರುವಿಗೆ ರಕ್ತ ನಿಂತಿತು. ನಮ್ಮ ಚಾಲಕ ಅವನನ್ನು ಜೀಪಿಗೆ ಹಾಕಿಕೊಂಡು ಹೊಸದುರ್ಗಕ್ಕೆ ಹೊರಟ. ಹೊರಟ ಜೀಪು ಊರಿನ ಹೋಟೆಲ್ ಮುಂದೆಯೇ ಹಾದುಹೋಗಬೇಕಿತ್ತು. ಅಲ್ಲಿ ಎಲ್ಲರೂ ನೋಡಿದರು.

ನಾನು ಹಿಂದೆ ಉಳಿದದ್ದು ಉಪಕರಣಗಳನ್ನು ಕಾಯಲೆಂದು. ಅಂದಿನ ತೀರ್ಮಾನಗಳಲ್ಲಿ ಇದೂ ಒಂದು.

ಹನ್ನೊಂದೂಕಾಲಕ್ಕೆ ಊರಿನವರು ಬಂದರು. ನಾನು ಎಣಿಸಿದಷ್ಟು ಮೂವತ್ತೆಂಟು ಜನ. ಬೈಕುಗಳಲ್ಲಿ, ಒಂದು ಟ್ರ್ಯಾಕ್ಟರಿನಲ್ಲಿ. ಕೈಯಲ್ಲಿ ಕೊಡಲಿ, ಗುದ್ದಲಿ ಕಾವು, ನೀರಿನ ಪೈಪು. ಜುಂಜಣ್ಣ ಅಷ್ಟರಲ್ಲಿ ಠಾಣೆಗೆ ಹೋಗುತ್ತೇನೆಂದು ದಿಬ್ಬ ಇಳಿದುಹೋಗಿದ್ದ. ಹೇಳಿದಂತೆಯೇ ಮಾಡಿದ, ಮಧ್ಯಾಹ್ನ ಒಂದೂವರೆಗೆ ತಾನಾಗಿ ಠಾಣೆಗೆ ಹಾಜರಾದ. ಬಂದವರಿಗೆ ಅವನು ಸಿಗಲಿಲ್ಲ, ಮಂದೆ ಸಿಕ್ಕಿತು.

ನಾಯಿಗಳು ಎದುರು ನುಗ್ಗಿದವು. ಒಂದನ್ನು ಕೊಡಲಿಯಿಂದ, ಇನ್ನೊಂದನ್ನು ಕಲ್ಲಿನಿಂದ ಕೊಂದರು. ಹೆದರಿದ ಕುರಿ ಚದುರುವುದಿಲ್ಲ. ತಲೆಗಳನ್ನು ಒಳಕ್ಕೆ ತೂರಿಸಿ ಒಂದೇ ಮುದ್ದೆಯಾಗಿ ನಿಲ್ಲುತ್ತದೆ. ಅವರು ಅಂಚಿನಿಂದ ಕಡಿಯುತ್ತಾ ಹೋದರು. ಕಾಲು ಕಡಿದ ಕುರಿ ಬಿದ್ದರೆ ಅದರ ಹಿಂದಿನದು ಮುಂದೆ ಬರುತ್ತಿತ್ತು. ಸದ್ದು ಕಡಿಮೆ ಇತ್ತು, ಕೊಡಲಿ ಉಣ್ಣೆಯ ಮೇಲೆ ಬೀಳುವ ಸದ್ದಷ್ಟೇ. ಚಿತ್ತಯ್ಯ ನಡುವೆ ನುಗ್ಗಿದಾಗ ಪೈಪಿನಿಂದ ಅವನ ದವಡೆಗೆ ಹೊಡೆದರು. ಕೆಂಚಮ್ಮ ಒಬ್ಬನ ಕೊಡಲಿಯ ಕಾವನ್ನು ಎರಡೂ ಕೈಯಲ್ಲಿ ಹಿಡಿದು ನೇತುಬಿದ್ದಳು.

"ನಿಮ್ ಹೊಲ್ದಾಗೆ ನಿಂತಿದ್ ಕುರಿ ಕಣ್ರೋ! ನೀವು ಉಂಡ್ ರಾಗಿ ಇವುಗಳ ಗೊಬ್ಬರದ್ದು ಕಣ್ರೋ!"

"ಕೈ ತಗ್ದವ್ನಲ್ಲೇ ನಿನ್ ಗಂಡ! ಅದಕ್ಕೆ ಯಾವ ಗೊಬ್ಬರ ಹಾಕಿ ಬೆಳೆಸಾಣ?"

ನಾನು ಕೂಗಿದೆ. ಬಣ್ಣ ನನ್ನದು ಎಂದು ಆಗ ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಯಾರೋ ಎಸೆದ ಕಲ್ಲು ನನ್ನ ಎಡಗಡೆಯ ಕಾಲರ್ ಮೂಳೆಗೆ ಬಿತ್ತು, ಮೂಳೆ ಮುರಿಯಿತು. ಕೆಂಚಮ್ಮನನ್ನು ತಳ್ಳಿ ನನ್ನ ಪಕ್ಕಕ್ಕೆ ಕೆಡವಿದರು. ಅವಳ ಎರಡೂ ಅಂಗೈ ಸುಲಿದಿದ್ದವು.

ಹನ್ನೆರಡರ ಹೊತ್ತಿಗೆ ಉತ್ತರದ ಅಂಚಿನಲ್ಲಿ ಹೊಗೆ ಕಂಡಿತು. ಮಾರ್ಚ್ ತಿಂಗಳ ಹುಲ್ಲು, ಮೊಣಕಾಲೆತ್ತರ. ಕುರಿಗಾಹಿಗಳು ಹಚ್ಚಿದರು ಎಂದು ಊರಿನವರು, ಊರಿನವರು ಹಚ್ಚಿದರು ಎಂದು ಕುರಿಗಾಹಿಗಳು ಹೇಳಿಕೆ ಕೊಟ್ಟಿದ್ದಾರೆ. ಹಚ್ಚಿದವರನ್ನು ನಾನು ನೋಡಿಲ್ಲ. ಗಾಳಿ ನಮ್ಮ ಕಡೆಗಿತ್ತು. ಕಡಿಯುತ್ತಿದ್ದವರು ಟ್ರ್ಯಾಕ್ಟರ್ ಬಿಟ್ಟು ಓಡಿದರು. ಉಳಿದ ಕುರಿಗಳನ್ನು ಕೆಂಚಮ್ಮ ಗಂಟಲು ಹರಿಯುವಂತೆ ಕೂಗಿ ದಿಬ್ಬಕ್ಕೆ ಹತ್ತಿಸಿದಳು. ಕತ್ತೆ ಕೆಳಗೆ ಮರಕ್ಕೆ ಕಟ್ಟಿತ್ತು, ಬಲೆಯಲ್ಲಿ ಒಂಬತ್ತು ಮರಿಗಳಿದ್ದವು. ದವಡೆ ಒಡೆದು ರಕ್ತ ಕಾರುತ್ತಿದ್ದ ಚಿತ್ತಯ್ಯ ಎದ್ದು ಆ ಕಡೆ ಓಡಿದ.

"ಲೇ ಚಿತ್ತಾ, ಬ್ಯಾಡ ಬಾರೋ!" ಎಂದು ಕೆಂಚಮ್ಮ ಕೂಗಿದಳು.

ಅವನು ಕತ್ತೆಯ ಹಗ್ಗ ಕೊಯ್ದ. ಕತ್ತೆ ಮರಿಗಳೊಂದಿಗೆ ಹೊರಗೆ ಬಂತು. ಅವನು ಹೊರಗೆ ಬಂದದ್ದು ಏಳೆಂಟು ನಿಮಿಷದ ನಂತರ, ನಡೆದುಕೊಂಡೇ. ಬೆನ್ನಿನ ಮೇಲೆ ಕಂಬಳಿ ಅಂಟಿಕೊಂಡಿತ್ತು. ಅದನ್ನು ಬಿಡಿಸಲು ಹೋದೆ, ಚರ್ಮವೂ ಜೊತೆಗೆ ಬಂತು, ಬಿಟ್ಟೆ. ನೀರು ಕೇಳಿದ, ಕೊಟ್ಟೆ, ದವಡೆಯಿಂದಾಗಿ ಕುಡಿಯಲಾಗಲಿಲ್ಲ. ಅವನಿಗೆ ಇಪ್ಪತ್ತಾರು ವರ್ಷ.

ಅಗ್ನಿಶಾಮಕ ವಾಹನ, ಪೊಲೀಸರು ಬಂದು ಬೆಂಕಿ ಆರಿಸುವ ಹೊತ್ತಿಗೆ ನಾಲ್ಕು ಗಂಟೆ. ಇಪ್ಪತ್ತನಾಲ್ಕು ಪ್ಲಾಟುಗಳಲ್ಲಿ ಹದಿನಾರು ಸುಟ್ಟಿದ್ದವು. ಆರು ವರ್ಷ ಹೀರಿದ್ದನ್ನು ಆ ಮರಗಳು ನಾಲ್ಕು ಗಂಟೆಯಲ್ಲಿ ಹಿಂದಕ್ಕೆ ಕೊಡತೊಡಗಿದ್ದವು. ನಮ್ಮ ಭಾಷೆಯಲ್ಲಿ ಇದಕ್ಕೆ ರಿವರ್ಸಲ್ ಎನ್ನುತ್ತಾರೆ. ವರದಿಯಲ್ಲಿ ಅದಕ್ಕೊಂದು ಕಾಲಂ ಇದೆ. ಚಿತ್ತಯ್ಯನಿಗೆ, ತಿಪ್ಪೇಸ್ವಾಮಿಯ ಕೈಗೆ ಕಾಲಂ ಇರಲಿಲ್ಲ. "ಇತರೆ" ಎಂಬಲ್ಲಿ ಬರೆದೆ.

ತಿಪ್ಪೇಸ್ವಾಮಿಯ ಹಸ್ತವನ್ನು ವೈದ್ಯರಿಗೆ ಉಳಿಸಲಾಗಲಿಲ್ಲ. ಆರನೆಯ ದಿನ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದೆ, ನನ್ನ ಭುಜಕ್ಕೂ ಪಟ್ಟಿ ಕಟ್ಟಿದ್ದರು. ಅವನ ಚಿಕ್ಕಪ್ಪ ಮಂಚದ ಪಕ್ಕದಲ್ಲಿ ಕೂತಿದ್ದ. ನಾನು ಬಂದದ್ದನ್ನು ನೋಡಿಯೂ ಮಾತು ನಿಲ್ಲಿಸಲಿಲ್ಲ.

"ಮಾರಿಲ್ಲ ಅಂದ್ರೆ ಕೆಂಪು ಯಾತಕ್ಕೆ ಬಳಿದೆ, ಹೇಳು? ಊರೋರೆಲ್ಲ ಅದನ್ನೇ ಕೇಳ್ತಾವ್ರೆ. ನಿನ್ ಬಾಯಾಗೇ ಮಾರಿದೀವಿ ಅಂದ್ಯಂತೆ."

ಆರು ದಿನದಲ್ಲಿ ಊರು ತಿರುಗಿತ್ತು. ಜುಂಜಣ್ಣ ಕೈ ಕಡಿದದ್ದು ತಪ್ಪು, ಆದರೆ ಗೋಮಾಳ ಮಾರಿದವನಿಗೆ ಕಡಿದ ಎಂಬಲ್ಲಿಗೆ ಮಾತು ಬಂದಿತ್ತು. ತಿಪ್ಪೇಸ್ವಾಮಿಯ ಪರವಾಗಿ ಕೊಡಲಿ ಹಿಡಿದವರೂ ಹಾಗೇ ಅನ್ನತೊಡಗಿದ್ದರು. ಅರವತ್ತಮೂರು ಕುರಿ ಕಡಿದದ್ದಕ್ಕೆ, ಚಿತ್ತಯ್ಯ ಸತ್ತದ್ದಕ್ಕೆ ಅವರಿಗೂ ಒಬ್ಬ ಕಾರಣಕರ್ತ ಬೇಕಾಗಿದ್ದ.

ತಿಪ್ಪೇಸ್ವಾಮಿ ಚಿಕ್ಕಪ್ಪನನ್ನು ಹೊರಗೆ ಕಳಿಸಿ ನನಗೆ ಹೇಳಿದ: "ಮೇಡಂ, ಕೈ ಹೋದ್ರೆ ಹೋಗ್ಲಿ. ಬಣ್ಣ ತಿಪ್ಪೇಶ ತಂದಿದ್ದಲ್ಲ, ನಾನು ತಂದಿದ್ದು, ಅಳತೆ ಗುರುತು ಅಂತ ಒಂದ್ ಮಾತು ನೀವೇ ಊರಾಗೆ ಬಂದು ಹೇಳ್ರಿ. ಎಲ್ರೂ ಇದ್ದಾಗ ಹೇಳ್ರಿ. ಇಲ್ಲಾಂದ್ರೆ ನನ್ ಮಕ್ಳು ಆ ಊರಾಗೆ ಮಾರಿದೋನ ಮಕ್ಳಾಗೇ ಸಾಯ್ತಾವೆ."

ಬರುತ್ತೇನೆ ಎಂದೆ.

ನನ್ನ ಸಂಸ್ಥೆಯ ಕಾನೂನು ಸಲಹೆಗಾರರು ವಿಚಾರಣೆ ಮುಗಿಯುವವರೆಗೆ ಊರಿಗೆ ಹೋಗಬಾರದು, ಮಾತಾಡಬಾರದು ಎಂದರು. ಒಪ್ಪಿದೆ. ವರದಿ ಬರೆದೆ. ಅನುಮತಿಯಿಲ್ಲದ ಬಣ್ಣ ಬಳಸಿದ್ದು ನಾನು, ಒಪ್ಪಿಗೆಯ ಸಭೆ ಕುರಿಗಾಹಿಗಳು ಊರಿನಲ್ಲಿಲ್ಲದ ಕಾಲದಲ್ಲಿ ನಡೆದಿದೆ, ಇದನ್ನು ಗಮನಿಸದೆ ಕಡತಕ್ಕೆ ಗುರುತು ಹಾಕಿದ್ದೂ ನಾನು ಎಂದು ಅದರಲ್ಲಿದೆ. ವರದಿ ಇಂಗ್ಲಿಷಿನಲ್ಲಿತ್ತು, ವೆಬ್‌ಸೈಟಿನಲ್ಲಿ ಹಾಕಿದರು. ಆ ಊರಿನಲ್ಲಿ ಅದನ್ನು ಓದಿದವರು ಯಾರೂ ಇಲ್ಲ. ಯೋಜನೆ ರದ್ದಾಯಿತು, ತೋಪು ನೆಟ್ಟ ಕಂಪನಿ ಊರು ಬಿಟ್ಟಿತು. ವಿಮಾನ ಸಂಸ್ಥೆ ಅಷ್ಟೇ ಟನ್ನುಗಳನ್ನು ಇನ್ನೊಂದು ದೇಶದ ಇನ್ನೊಂದು ಯೋಜನೆಯಿಂದ ಕೊಂಡಿತು. ನನ್ನ ಪರಿಶೀಲನಾ ಮಾನ್ಯತೆಯನ್ನು ಒಂದು ವರ್ಷ ತಡೆಹಿಡಿದರು.

2024ರಲ್ಲಿ ಚಿತ್ರದುರ್ಗದ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದೆ. ಆರೋಪಿಯ ಪರ ವಕೀಲರು ಕೇಳಿದ ಮೂರನೆಯ ಪ್ರಶ್ನೆ: "ಕೆಂಪು ಬಣ್ಣ ಆರಿಸಿದ್ದು ಯಾರು?"

"ನಾನು."

ಕಟಕಟೆಯಲ್ಲಿದ್ದ ಜುಂಜಣ್ಣ ಮೊದಲ ಸಲ ನನ್ನನ್ನು ನೋಡಿದ. ಜಾಮೀನಿನ ಮೇಲಿದ್ದ ಅವನು ಹೊರಗೆ ಬೇವಿನ ಮರದ ಕೆಳಗೆ ನನಗಾಗಿ ಕಾಯುತ್ತಿದ್ದ.

"ಅವತ್ತು ಅಲ್ಲೇ ನಿಂತಿದ್ರಿ. ಯಾಕಮ್ಮ ಹೇಳ್ಲಿಲ್ಲ?"

ಬರೆಯುತ್ತಿದ್ದೆ ಎಂದೆ.

"ಏನ್ ಬರೀತಿದ್ರಿ?"

"ಮರದ ದಪ್ಪ."

ಅವನು ಬಸ್‌ಸ್ಟ್ಯಾಂಡ್ ಕಡೆ ಹೊರಟುಹೋದ.

ಆ ತಿಂಗಳೇ ನಾನು ರಾಜೀನಾಮೆ ಕೊಟ್ಟೆ. ಊರಿಗೆ ಹೋಗಲು ತಡೆ ಇರಲಿಲ್ಲ. ತಿಪ್ಪೇಸ್ವಾಮಿಗೆ ಫೋನ್ ಮಾಡಿದಾಗ ಮುಂದಿನ ವಾರವೇ ಬನ್ನಿ ಎಂದ. ಕುರಿಯವರು ಊರಿನಲ್ಲಿದ್ದಾರೆಯೇ ಎಂದು ಕೇಳಿದೆ. ಹೊರಟು ಹತ್ತು ದಿನವಾಯಿತು, ಇನ್ನು ಯುಗಾದಿಗೇ ಎಂದ. ಹಾಗಾದರೆ ಯುಗಾದಿಗೇ ಬರುತ್ತೇನೆ ಎಂದೆ. ಈ ಕೆಲಸ ನನಗೆ ಕಲಿಸಿದ್ದು ಇದೊಂದೇ: ಯಾವ ಊರಿನ ಕಡತ ತೆರೆದರೂ ಸಹಿ ಹಾಕಿದವರ ಪಟ್ಟಿಗಿಂತ ಮೊದಲು, ಆ ದಿನ ಊರಿನಲ್ಲಿ ಇಲ್ಲದವರು ಯಾರು ಎಂದು ಕೇಳಬೇಕು. ಈಗ ಹೊಸ ವೆರಿಫೈಯರ್‌ಗಳಿಗೆ ತರಬೇತಿ ಕೊಡುವಾಗ ಮೊದಲ ಪಾಠವಾಗಿ ಅದನ್ನೇ ಹೇಳುತ್ತೇನೆ.

2025ರ ಯುಗಾದಿಯ ಮಾರನೆಯ ದಿನ ಬೆಳಿಗ್ಗೆ ಊರಿನ ಅರಳಿಕಟ್ಟೆಯಲ್ಲಿ ಜನ ಸೇರಿದ್ದರು. ಊರಿನವರು ಒಂದು ಬದಿ, ಕುರಿಗಾಹಿಗಳು ಇನ್ನೊಂದು ಬದಿ. ತಿಪ್ಪೇಸ್ವಾಮಿ ಯಾವ ಬದಿಯಲ್ಲೂ ಕೂರದೆ ಎದುರಿನ ಹೋಟೆಲ್ ಬೆಂಚಿನ ಮೇಲಿದ್ದ. ಅಂಗಿಯ ಬಲತೋಳನ್ನು ಪಿನ್ ಹಾಕಿ ಮಡಿಚಿದ್ದ. ನಾನು ಹೇಳಬೇಕಾದ್ದನ್ನು ಹೇಳಿದೆ. ಸೀಮೆಸುಣ್ಣ, ಹಾರ್ಡ್‌ವೇರ್ ಅಂಗಡಿ, ಡಬ್ಬ, ಪಟ್ಟೆ, ಎಲ್ಲ. ಗೋಮಾಳದ ಒಂದು ಗೇಣೂ ಯಾರಿಗೂ ಹೋಗಿಲ್ಲ, ತಿಪ್ಪೇಸ್ವಾಮಿ ಮಾರಿದವನಲ್ಲ ಎಂದೆ. ಒಟ್ಟು ಏಳು ನಿಮಿಷ ಮಾತಾಡಿದೆ.

ಮೊದಲು ಮಾತಾಡಿದವಳು ಕೆಂಚಮ್ಮ. "ಇದನ್ನ ಹೇಳೋಕೆ ಮೂರು ವರ್ಷ ಬೇಕಾತಾ ನಿಮಗೆ? ಅವತ್ತು ಮರ ಬಣ್ಣ ಬಳಿಸ್ಕಂಡು ಸುಮ್ನೆ ನಿಂತಿದ್ವು, ನೀವೂ ಅಂಗೇ ನಿಂತಿದ್ರಿ."

ಅವಳು ಹೋಟೆಲ್ ಬೆಂಚಿನ ಕಡೆ ತಿರುಗಿದಳು.

"ತಿಪ್ಪೇಶ, ನೀನು ಮಾರಿಲ್ಲ. ಎಲ್ರ ಮುಂದೆ ಅಂತಿದೀನಿ, ಕೇಳಿಸ್ಕ. ನಿನ್ ಮಕ್ಳಿಗೆ ಯಾರಾದ್ರೂ ಅಂಗಂದ್ರೆ ನನ್ ಹೆಸ್ರು ಹೇಳು. ಆದ್ರೆ ಮಾರಿದೀವಿ ಅಂತ ಆಡಿದ್ ಮಾತು ನಿಂದೇ ಕಣಪ್ಪ."

"ನಂದೇ ಕಣಕ್ಕ" ಎಂದ ತಿಪ್ಪೇಸ್ವಾಮಿ.

ಅವನ ಚಿಕ್ಕಪ್ಪ ಎದ್ದು ಹೋಗಿ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತ. ಬೀಡಿಯ ಮುದುಕ ಇನ್ನೂ ಇದ್ದ. ಈ ಸಲ ಏನೂ ತಮಾಷೆ ಮಾಡಲಿಲ್ಲ.

ಜುಂಜಣ್ಣನ ಮೇಲಿನ ಪ್ರಕರಣದಲ್ಲಿ ತೀರ್ಪು ಬಂದಿಲ್ಲ. ಬೆಂಕಿ ಹಚ್ಚಿದವರು ಯಾರೆಂದು ಗೊತ್ತಾಗಿಲ್ಲ. ಸುಟ್ಟ ಹೊಂಗೆಗಳಲ್ಲಿ ಹೆಚ್ಚಿನವು ಬುಡದಿಂದ ಚಿಗುರಿವೆ, ಅಳೆಯುವವರು ಯಾರೂ ಬಂದಿಲ್ಲ. ಆ ವರ್ಷ ಮುಂಗಾರಿಗೆ ಮೊದಲು ಕೆಂಚಮ್ಮನ ಮಂದೆ ಆ ಊರಿನ ಯಾವ ಹೊಲದಲ್ಲೂ ನಿಲ್ಲದೆ ಹೊಳಲ್ಕೆರೆ ಕಡೆಗೆ ಹೋಯಿತು. ತಿಪ್ಪೇಸ್ವಾಮಿ ತನ್ನ ಎರಡೆಕರೆಗೆ ಕುರಿಗೊಬ್ಬರದ ಬದಲು ಯೂರಿಯಾ ತಂದು ಹಾಕಿದ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ.